ಜಗಲಿಯ ಪ್ರಶ್ನೆ, ಪೆಟ್ಟಿಗೆಯ ಉತ್ತರ

1952ನೆಯ ಇಸವಿಯ ಆಸುಪಾಸಿನಲ್ಲಿ ರಾಮನಗರದ ಜನರ ಮನಸ್ಸಿನಲ್ಲಿ ಏನಿದೆಯೆಂದು ಎರಡು ಬಾರಿ ಕೇಳಿದರು. ಮೊದಲನೆಯ ಬಾರಿ ಕೇಳಿದ್ದು, ನಿಮ್ಮ ಪ್ರತಿನಿಧಿ ಯಾರಾಗಬೇಕು ಎಂದು. ಎರಡನೆಯ ಬಾರಿ ಕೇಳಿದ್ದು, ಮಕ್ಕಳ ಸಂಖ್ಯೆಯನ್ನು ಮಿತಿಯಲ್ಲಿಡುವ ವಿದ್ಯೆ ನಿಮಗೆ ಬೇಕೇ ಎಂದು. ಊರು ಒಂದೇ, ಜನ ಅವರೇ, ಕಾಲವೂ ಹೆಚ್ಚು ಕಡಮೆ ಅದೇ. ಆದರೆ ಮೊದಲನೆಯ ಪ್ರಶ್ನೆಗೆ ಬಂದ ಉತ್ತರದ ಮೇಲೆ ಒಂದು ಸರ್ಕಾರವೇ ನಿಂತಿತು. ಎರಡನೆಯದಕ್ಕೆ ಬಂದ ಉತ್ತರದ ಮೇಲೆ ಕಟ್ಟಿದ ಕಾರ್ಯ ನಿಲ್ಲಲಿಲ್ಲ. ಈ ಅಂತರ ಏಕೆ ಬಂತೆಂದು ವಿಚಾರಿಸುವುದು ಬರಿಯ ಕುತೂಹಲದ ಮಾತಲ್ಲ. ಎಚ್‌ಐವಿ ಸೋಂಕಿಗೆ ಔಷಧ ಸೇವಿಸುತ್ತಿರುವವರಿಗೆ ಯಾವ ಬಗೆಯ ಚಿಕಿತ್ಸಾ ವ್ಯವಸ್ಥೆ ಒಗ್ಗುತ್ತದೆ ಎಂಬುದನ್ನು ಅವರನ್ನೇ ಕೇಳಿ ತಿಳಿಯಲು ಇಂದು ಹೊರಡುವವರಿಗೆ ಆ ಹಳೆಯ ಪಾಠ ಬೇಕಾಗಿದೆ.

ಮೊದಲನೆಯ ಪ್ರಶ್ನೆಯನ್ನು ಕೇಳಿದ ರೀತಿಯನ್ನು ನೋಡೋಣ. 1951ರ ಕೊನೆಯಿಂದ 1952ರ ಆರಂಭದವರೆಗೆ ನಡೆದ ಪ್ರಥಮ ಮಹಾಚುನಾವಣೆಯಲ್ಲಿ ಗುಂಡಿ ಒತ್ತುವ ಯಂತ್ರವಿರಲಿಲ್ಲ. ಚೀಟಿಯ ಮೇಲೆ ಮುದ್ರೆ ಒತ್ತುವ ಕ್ರಮವೂ ಇನ್ನೂ ಬಂದಿರಲಿಲ್ಲ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಪಕ್ಷದ ಗುರುತು: ಒಂದರ ಮೇಲೆ ನೊಗ ಹೊತ್ತ ಜೋಡೆತ್ತು, ಇನ್ನೊಂದರ ಮೇಲೆ ಗುಡಿಸಲು, ಹೀಗೆ. ಮತದಾರನು ಮರೆಯ ಹಿಂದೆ ಹೋಗಿ, ತನಗೆ ಬೇಕಾದ ಗುರುತಿನ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಹೊರಗೆ ಬಂದರೆ ಆಯಿತು. ಅವನು ಎಲ್ಲಿ ಹಾಕಿದನೆಂಬುದು ಪಟೇಲರಿಗಾಗಲಿ, ಶಾನುಭೋಗರಿಗಾಗಲಿ, ಸಾಲ ಕೊಟ್ಟ ಸಾಹುಕಾರರಿಗಾಗಲಿ ತಿಳಿಯುವಂತಿರಲಿಲ್ಲ. ಅಕ್ಷರ ಬಾರದವನಿಗೂ ಅದು ಕಷ್ಟದ ಕೆಲಸವಾಗಿರಲಿಲ್ಲ. ರಾಮನಗರ ಕ್ಷೇತ್ರದಿಂದ ಹಾಗೆ ಆರಿಸಿ ಬಂದ ಕೆಂಗಲ್ ಹನುಮಂತಯ್ಯನವರು 1952ರ ಮಾರ್ಚ್ ತಿಂಗಳಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು.

ಎರಡನೆಯ ಪ್ರಶ್ನೆಗೆ ಸ್ವಲ್ಪ ಪೂರ್ವಕಥೆಯುಂಟು. ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಿಂದ ಹಿಂದೆ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಈ ಊರು ಆರೋಗ್ಯ ಇಲಾಖೆಗೆ ಹೊಸದಾಗಿರಲಿಲ್ಲ. ಮೈಸೂರು ಸರ್ಕಾರವು 1930ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮಾರೋಗ್ಯದ ಕೆಲಸಗಾರರನ್ನು ತರಬೇತು ಮಾಡುವ ಕೇಂದ್ರವನ್ನು ಇಲ್ಲಿ ನಡೆಸಿತು. ಜನನ ನಿಯಂತ್ರಣದ ಚಿಕಿತ್ಸಾಲಯಗಳನ್ನು ಸರ್ಕಾರದ ವತಿಯಿಂದಲೇ 1930ರಲ್ಲಿ ತೆರೆದ ಕೀರ್ತಿಯೂ ಅದೇ ಸಂಸ್ಥಾನದ್ದು. ಆದ್ದರಿಂದ ಸ್ವಾತಂತ್ರ್ಯಾನಂತರ ಭಾರತ ಸರ್ಕಾರವು ಕುಟುಂಬ ಯೋಜನೆಯನ್ನು ಪ್ರಯೋಗ ಮಾಡಿ ನೋಡಬೇಕೆಂದಾಗ ಎರಡು ಜಾಗಗಳನ್ನು ಆರಿಸಿತು: ಒಂದು, ದೆಹಲಿಯ ಲೋಧಿ ಕಾಲೊನಿ, ಇನ್ನೊಂದು, ನಮ್ಮ ರಾಮನಗರ.

ಆಗ ಕೇಂದ್ರದ ಆರೋಗ್ಯ ಸಚಿವರಾಗಿದ್ದವರು ರಾಜಕುಮಾರಿ ಅಮೃತ್ ಕೌರ್. ಗಾಂಧೀಜಿಯವರ ಅನುಯಾಯಿಗಳಾಗಿದ್ದ ಅವರಿಗೆ ಕೃತಕ ಸಾಧನಗಳು ಸಮ್ಮತವಿರಲಿಲ್ಲ. ಋತುಚಕ್ರದ ದಿನಗಳನ್ನು ಎಣಿಸಿ, ಕೆಲವು ದಿನ ದಂಪತಿಗಳು ಸಂಯಮದಿಂದಿರುವ ಕ್ರಮವೊಂದೇ ಅವರು ಒಪ್ಪಿದ ಮಾರ್ಗ. ವಿಶ್ವ ಆರೋಗ್ಯ ಸಂಸ್ಥೆಯು 1951ರಲ್ಲಿ ಅಮೆರಿಕದ ವೈದ್ಯರಾದ ಡಾಕ್ಟರ್ ಅಬ್ರಹಾಂ ಸ್ಟೋನರನ್ನು ಈ ಕೆಲಸಕ್ಕಾಗಿ ಕಳುಹಿಸಿತು. ಲೆಕ್ಕ ಬಾರದ ಹೆಂಗಸರಿಗೆ ಅನುಕೂಲವಾಗಲೆಂದು ಸ್ಟೋನರು ಬಣ್ಣಬಣ್ಣದ ಮಣಿಗಳ ಸರವೊಂದನ್ನು ಯೋಚಿಸಿದರು. ದಿನಕ್ಕೊಂದು ಮಣಿಯನ್ನು ಸರಿಸಬೇಕು; ಯಾವ ಬಣ್ಣ ಬಂದರೆ ಯಾವ ಬಗೆಯ ದಿನ ಎಂದು ಅದರಿಂದ ತಿಳಿಯಬೇಕು.

ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಕೇಳಿದರು: ಕುಟುಂಬ ಯೋಜನೆಯ ಕ್ರಮವನ್ನು ಕಲಿಯಲು ಇಷ್ಟವಿದೆಯೇ? ಸುಮಾರು ಮುಕ್ಕಾಲು ಪಾಲು ಜನ ಇದೆಯೆಂದರು. ಹಳ್ಳಿಯವರು ಇಂಥ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲವೆಂದು ತಿಳಿದಿದ್ದವರಿಗೆ ಇದು ಆಶ್ಚರ್ಯವನ್ನೂ ಸಂತೋಷವನ್ನೂ ತಂದಿರಬೇಕು. ಆದರೆ 1954ರಲ್ಲಿ ವರದಿ ಸಿದ್ಧವಾಗುವ ಹೊತ್ತಿಗೆ ಆ ಕ್ರಮವನ್ನು ಹಿಡಿದು ಆಚರಿಸುತ್ತಿದ್ದವರು ಅತ್ಯಲ್ಪ. ಇಷ್ಟವೆಂದವರ ಸಂಖ್ಯೆಗೂ ಆಚರಿಸಿದವರ ಸಂಖ್ಯೆಗೂ ಅಜಗಜಾಂತರವಾಯಿತು.

ಇದನ್ನು ಕಂಡು ಕೆಲವರು ನಮ್ಮ ಜನರ ಅಜ್ಞಾನವೆಂದರು. ವಾಚಕರೇ, ಅಜ್ಞಾನವೆಂದು ಹೇಳುವ ಮೊದಲು ಪ್ರಶ್ನೆಯನ್ನೇ ಸ್ವಲ್ಪ ಪರೀಕ್ಷಿಸಿ ನೋಡಿ. ಕೇಳಿದವರು ಯಾರು? ಸರ್ಕಾರದ ಕಡೆಯಿಂದ ಬಂದ ಮರ್ಯಾದಸ್ಥರು. ಕೇಳಿದ್ದೆಲ್ಲಿ? ಮನೆಯ ಜಗಲಿಯಲ್ಲಿ, ಅತ್ತೆ, ನಾದಿನಿ, ಪಕ್ಕದ ಮನೆಯವರು ಕಿವಿಗೊಟ್ಟಿರುವ ಜಾಗದಲ್ಲಿ. ಕೇಳಿದ್ದೇನು? ಒಳ್ಳೆಯದೊಂದನ್ನು ಕಲಿಸುತ್ತೇವೆ, ಕಲಿಯುವಿರಾ ಎಂದು. ಇಂಥ ಪ್ರಶ್ನೆಗೆ ಒಲ್ಲೆ ಎನ್ನುವುದು ನಮ್ಮ ಸೀಮೆಯ ನಡವಳಿಕೆಯಲ್ಲ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಮಜ್ಜಿಗೆ ಕೊಡುವ ಹಾಗೆ ಒಂದು ಹೂಂ ಎಂಬ ಉತ್ತರವನ್ನೂ ಕೊಟ್ಟು ಕಳುಹಿಸುತ್ತಾರೆ. ಇದಕ್ಕೆ ನಮ್ಮಲ್ಲಿ ದಾಕ್ಷಿಣ್ಯವೆಂಬ ಸೊಗಸಾದ ಮಾತಿದೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ತಾವಿಲ್ಲ ಎಂಬ ಗಾದೆಯನ್ನು ಕಟ್ಟಿದ ಜನಕ್ಕೆ ಆ ಗುಣದ ಅಪಾಯವೂ ಗೊತ್ತಿತ್ತು. ಪ್ರಶ್ನಾವಳಿಯನ್ನು ಹಿಡಿದು ಬಂದವರಿಗೆ ಮಾತ್ರ ಗೊತ್ತಾಗಲಿಲ್ಲ.

ಇನ್ನೂ ಒಂದು ಮಾತು. ಆ ಪ್ರಶ್ನೆಯಲ್ಲಿ ಆಯ್ಕೆಯೇ ಇರಲಿಲ್ಲ. ಕೊಡುವುದಕ್ಕೆ ಇದ್ದದ್ದು ಒಂದೇ ಕ್ರಮ. ಅದು ಬೇಕೇ ಬೇಡವೇ ಎಂಬುದಷ್ಟೇ ಮಾತು. ಅದನ್ನು ಅನುಸರಿಸಿದರೆ ಆಗುವ ಕಷ್ಟವೇನು ಎಂಬುದನ್ನು ಯಾರೂ ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಲಿಲ್ಲ. ಗಂಡನು ಒಪ್ಪಬೇಕು, ಕತ್ತಲಲ್ಲಿ ಮಣಿಯ ಬಣ್ಣ ಗುರುತು ಹಿಡಿಯಬೇಕು, ಕೊರಳಲ್ಲಿ ಹಾಕಿಕೊಂಡರೆ ಕಂಡವರು ಕೇಳುತ್ತಾರೆ, ತೆಗೆದಿಟ್ಟರೆ ಸರಿಸುವುದು ಮರೆಯುತ್ತದೆ. ಇವೆಲ್ಲ ಉತ್ತರ ಹೇಳಿದ ಮರುದಿನ ಎದುರಾಗುವ ಸಂಗತಿಗಳು. ಹೂಂ ಎನ್ನುವುದಕ್ಕೆ ಖರ್ಚಿಲ್ಲ, ನಡೆದುಕೊಳ್ಳುವುದಕ್ಕೆ ಖರ್ಚುಂಟು. ಚುನಾವಣೆಯ ಪೆಟ್ಟಿಗೆ ಮರೆಯಲ್ಲಿತ್ತು, ಒಂದಕ್ಕಿಂತ ಹೆಚ್ಚಿತ್ತು, ಮತ್ತು ಒಂದಕ್ಕೆ ಹಾಕಿದರೆ ಇನ್ನೊಂದಕ್ಕೆ ಹಾಕುವಂತಿರಲಿಲ್ಲ. ಜಗಲಿಯ ಪ್ರಶ್ನೆಯಲ್ಲಿ ಈ ಮೂರೂ ಇರಲಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ವೈದ್ಯೆ ಸುನೀತಿ ಸಾಲೊಮನ್ ಮತ್ತು ಅವರ ಶಿಷ್ಯೆ ನಿರ್ಮಲಾ ಅವರ ಪರಿಶ್ರಮದಿಂದ ಅದು ಬೆಳಕಿಗೆ ಬಂತು. ಆಗ ಅದಕ್ಕೆ ಔಷಧವಿರಲಿಲ್ಲ. ಔಷಧ ಬಂದ ಮೇಲೂ ಬಡವರ ಕೈಗೆ ಎಟುಕುವ ಬೆಲೆಯಲ್ಲಿರಲಿಲ್ಲ. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರವು ದೇಶದ ಎಂಟು ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಅವುಗಳಲ್ಲಿ ನಮ್ಮ ರಾಜ್ಯಕ್ಕೆ ಸೇರಿದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಅಂದರೆ ಆ ದಿನಗಳಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆಯ ರೋಗಿ ಉಚಿತ ಮಾತ್ರೆಗಾಗಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಾಗಿತ್ತು. ಕ್ರಮೇಣ ಕೇಂದ್ರಗಳು ಹೆಚ್ಚಿದವು. 2017ರಿಂದ ಸೋಂಕು ಕಂಡುಬಂದವರಿಗೆಲ್ಲ ತಡಮಾಡದೆ ಚಿಕಿತ್ಸೆ ಕೊಡುವ ನೀತಿ ಬಂತು. 2020ರ ಕೊರೋನಾ ಕಾಲದಲ್ಲಿ, ತಿಂಗಳಿಗೊಮ್ಮೆ ಬರುವವರಿಗೆ ಹಲವು ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಕೊಡುವ ಪದ್ಧತಿ ವಿಸ್ತಾರವಾಯಿತು.

ಈ ಚಿಕಿತ್ಸೆಯ ಗುಣ ವಿಲಕ್ಷಣವಾದದ್ದು. ಮಾತ್ರೆಯನ್ನು ದಿನವೂ, ಬದುಕಿರುವವರೆಗೂ ನುಂಗಬೇಕು. ತಪ್ಪದೆ ನುಂಗಿದವರ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಅಡಗುತ್ತದೆ. ಅವರು ಎಲ್ಲರಂತೆ ದುಡಿದು ಬಾಳುತ್ತಾರೆ. ಅಂಥವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ತಗುಲುವುದಿಲ್ಲ. ಬಿಟ್ಟರೆ ವೈರಸ್ಸು ಮತ್ತೆ ತಲೆಯೆತ್ತುತ್ತದೆ. ಕೆಲವು ವೇಳೆ ಔಷಧಕ್ಕೆ ಬಗ್ಗದ ರೂಪವನ್ನೂ ತಾಳುತ್ತದೆ. ಹಾಗಾಗಿ ರೋಗಿಯು ಕೇಂದ್ರಕ್ಕೆ ಬರುವುದನ್ನು ಏಕೆ ನಿಲ್ಲಿಸುತ್ತಾನೆ ಎಂಬುದು ಪ್ರಾಣದ ಪ್ರಶ್ನೆ. ದೂರವೇ? ಅರ್ಧ ದಿನದ ಕೂಲಿ ಹೋಗುವುದೇ? ಸಾಲಿನಲ್ಲಿ ಪರಿಚಯದವರು ಕಂಡಾರೆಂಬ ಭಯವೇ? ಕೌಂಟರಿನಲ್ಲಿ ಕೂತವರ ಮಾತಿನ ಬಿರುಸೇ? ಇದನ್ನು ಅವನೇ ಹೇಳಬೇಕು.

ಸುಲಭದ ದಾರಿಯೆಂದು ಕೇಂದ್ರದಲ್ಲಿಯೇ ಒಂದು ಪಟ್ಟಿ ಹಿಡಿದು ಕೇಳಿದರೆ ಏನಾಗುತ್ತದೆ? ನಮ್ಮ ಚಿಕಿತ್ಸೆ ನಿಮಗೆ ತೃಪ್ತಿಕರವಾಗಿದೆಯೇ ಎಂದು ಮಾತ್ರೆ ಕೊಡುವವರೇ ಕೇಳುತ್ತಾರೆ. ಮುಂದಿನ ತಿಂಗಳೂ ಅವರ ಎದುರಿಗೇ ಕೈಯೊಡ್ಡಬೇಕಾದವನು ಏನು ಹೇಳಿಯಾನು? ನಿಮ್ಮಿಂದ ಬದುಕಿದ್ದೇನೆ ಸ್ವಾಮಿ ಎನ್ನುತ್ತಾನೆ. ಅದು ಸುಳ್ಳೂ ಅಲ್ಲ, ಕೇಳಿದ್ದಕ್ಕೆ ಉತ್ತರವೂ ಅಲ್ಲ. ಉಪಾಧ್ಯಾಯ ವೃತ್ತಿಯಲ್ಲಿರುವ ನಮಗೆ ಇದು ದಿನನಿತ್ಯದ ಅನುಭವ. ಅರ್ಥವಾಯಿತೇ ಎಂದರೆ ತರಗತಿಯೆಲ್ಲ ಒಕ್ಕೊರಲಿನಿಂದ ಆಯಿತು ಸಾರ್ ಎನ್ನುತ್ತದೆ. ಲೆಕ್ಕ ಕೊಟ್ಟು ನೋಡಿದರೆ ತಾನೇ ಯಾರಿಗೆ ಎಷ್ಟು ಅರ್ಥವಾಗಿದೆ ಎಂದು ತಿಳಿಯುವುದು!

ಈ ತೊಡಕನ್ನು ಬಿಡಿಸುವ ಉಪಾಯವೊಂದು ಕರ್ನಾಟಕದಲ್ಲಿಯೇ ಪ್ರಯೋಗವಾಯಿತೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ಆರೋಗ್ಯ ಸಂವರ್ಧನ ಪ್ರತಿಷ್ಠಾನ ಮತ್ತು ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಸಂಶೋಧಕರು ಇಲ್ಲಿ ಎಚ್‌ಐವಿ ತಡೆಯುವ ಕೆಲಸ ಮಾಡುತ್ತಿದ್ದಾಗ ಮತಗಟ್ಟೆ ಸಮೀಕ್ಷೆ ಎಂಬ ಕ್ರಮವನ್ನು ಬಳಸಿದರು. ಹತ್ತು ಹನ್ನೆರಡು ಜನರನ್ನು ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಒಬ್ಬರು ಇನ್ನೊಬ್ಬರ ಕೈಯನ್ನು ಕಾಣದಂತೆ ಪ್ರತಿಯೊಬ್ಬರ ಮುಂದೆಯೂ ಮರೆ. ಮರೆಯೊಳಗೆ ಹೌದು, ಅಲ್ಲ, ನನಗೆ ಅನ್ವಯಿಸದು ಎಂಬುದಕ್ಕೆ ಬೇರೆ ಬೇರೆ ಬಣ್ಣದ ಡಬ್ಬಿಗಳು. ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಾಗ ಪ್ರತಿಯೊಬ್ಬರೂ ಆ ಪ್ರಶ್ನೆಯ ಸಂಖ್ಯೆಯಿರುವ ಚೀಟಿಯನ್ನು ತಮಗೆ ಸರಿತೋರಿದ ಡಬ್ಬಿಗೆ ಹಾಕುತ್ತಾರೆ. ಹೆಸರಿಲ್ಲ, ಸಹಿಯಿಲ್ಲ. ಕೊನೆಯಲ್ಲಿ ಎಲ್ಲರ ಚೀಟಿಗಳನ್ನೂ ಕೂಡಿಸಿ ಎಣಿಸುತ್ತಾರೆ. ಇಡೀ ಗುಂಪಿನ ಉತ್ತರ ತಿಳಿಯುತ್ತದೆ. ಯಾವೊಬ್ಬನ ಉತ್ತರವೂ ತಿಳಿಯುವುದಿಲ್ಲ. ಮುಖಾಮುಖಿಯಾಗಿ ಕೇಳಿದಾಗ ಜನ ಮುಚ್ಚಿಟ್ಟ ಅನೇಕ ಸಂಗತಿಗಳು ಹೀಗೆ ಕೇಳಿದಾಗ ಹೊರಬಂದವು. 1952ರ ಪೆಟ್ಟಿಗೆ ಐವತ್ತು ವರ್ಷಗಳಾದ ಮೇಲೆ ಆರೋಗ್ಯದ ಪ್ರಶ್ನೆಗೂ ಬಂತು ಎನ್ನಬಹುದು.

ಗುಂಪಿನ ನಡುವೆ ಗುಟ್ಟನ್ನು ಕಾಯುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಮಾಗಡಿ ರಂಗನಾಥಸ್ವಾಮಿಯ ಜಾತ್ರೆಯಂಥ ದನಗಳ ಜಾತ್ರೆಗಳಲ್ಲಿ ಕೊಳ್ಳುವವನೂ ಮಾರುವವನೂ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವುದನ್ನು ನೀವು ಕಂಡಿರಬಹುದು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರ ಬೆರಳುಗಳಿಗೆ ಮಾತ್ರ ಗೊತ್ತು. ಒಂದು ಜೊತೆ ಎತ್ತಿನ ಬೆಲೆಗೆ ಇಷ್ಟು ಮರೆ ಬೇಕಾದರೆ, ತನ್ನ ಕಾಯಿಲೆಯ ವಿಚಾರ ಹೇಳಬೇಕಾದವನಿಗೆ ಎಷ್ಟು ಮರೆ ಬೇಡ!

ಆದರೆ ಮತಗಟ್ಟೆಯ ಕ್ರಮಕ್ಕೂ ಒಂದು ಮಿತಿಯಿದೆ. ಅದರಿಂದ ಹೌದು ಅಲ್ಲಗಳು ತಿಳಿಯುತ್ತವೆ. ಯಾವುದಕ್ಕಾಗಿ ಯಾವುದನ್ನು ಬಿಟ್ಟುಕೊಡುತ್ತಾರೆ ಎಂಬುದು ತಿಳಿಯುವುದಿಲ್ಲ. ಕೇಂದ್ರ ಹತ್ತಿರವಿರಬೇಕೇ ಎಂದರೆ ಹೌದು. ಗುರುತಿನವರು ಕಾಣದ ಜಾಗವಾಗಬೇಕೇ ಎಂದರೆ ಅದೂ ಹೌದು. ಎರಡೂ ಒಟ್ಟಿಗೆ ಸಿಗದಿದ್ದರೆ? ಊರಿನ ಆಸ್ಪತ್ರೆಯನ್ನು ಬಿಟ್ಟು ಗುರುತಿಲ್ಲದ ದೂರದ ಪಟ್ಟಣಕ್ಕೆ ಹೋಗುವ ಎಚ್‌ಐವಿ ರೋಗಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ತಕ್ಕಡಿಯಲ್ಲಿ ಬಸ್ ಚಾರ್ಜಿಗಿಂತ ಗುಟ್ಟು ಹೆಚ್ಚು ತೂಗುತ್ತದೆ. ಇನ್ನೊಬ್ಬನಿಗೆ ಕೂಲಿಯೇ ಹೆಚ್ಚು ತೂಗಬಹುದು. ಈ ತೂಕವನ್ನು ಅಳೆಯುವುದಕ್ಕೆ ಆಯ್ಕೆಯ ಪ್ರಯೋಗವೆಂಬ ಕ್ರಮ ಬೆಳೆದು ಬಂದಿದೆ.

ಅದರ ಹಿಂದಿರುವ ಗಣಿತಕ್ಕೆ ಹೆಸರಾದವರು ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್. ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದಲ್ಲಿ 1970ರ ದಶಕದಲ್ಲಿ ಹೊಸ ರೈಲು ಹಾಕಿದಾಗ, ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ 15 ಮಂದಿ ಅದನ್ನು ಹತ್ತುವರೆಂದು ಅಧಿಕಾರಿಗಳು ಅಂದಾಜು ಮಾಡಿದ್ದರು. ಜನರು ಸಮಯಕ್ಕೆ, ಹಣಕ್ಕೆ, ನಡೆಯುವ ಶ್ರಮಕ್ಕೆ ಕೊಡುವ ಬೆಲೆಯನ್ನು ಲೆಕ್ಕ ಹಾಕಿ ಮ್ಯಾಕ್‌ಫ್ಯಾಡನ್ನರು 6.3 ಎಂದರು. ನಿಜವಾಗಿ ಹತ್ತಿದವರು 6.2. ಅವರಿಗೆ 2000ದಲ್ಲಿ ನೊಬೆಲ್ ಬಹುಮಾನ ಬಂತು.

ಇದರ ಮರ್ಮವನ್ನು ತಿಳಿಯಲು ಚನ್ನಪಟ್ಟಣದ ಬೊಂಬೆ ಅಂಗಡಿಯೇ ಸಾಕು. ಮಗುವಿಗೆ ಬುಗುರಿ ಬೇಕೇ ಎಂದರೆ ಬೇಕು. ಬಣ್ಣ ಬೇಕೇ? ಬೇಕು. ದೊಡ್ಡದು ಬೇಕೇ? ಬೇಕು. ಇದರಿಂದ ಅಂಗಡಿಯವನಿಗೆ ಏನೂ ತಿಳಿಯಲಿಲ್ಲ. ಬದಲಿಗೆ ದೊಡ್ಡದಾದರೂ ಮಾಸಲು ಬಣ್ಣದ್ದೊಂದು, ಚಿಕ್ಕದಾದರೂ ಕೆಂಪಗೆ ಮಿನುಗುವುದೊಂದು, ಎರಡನ್ನೂ ಮುಂದಿಟ್ಟು ಒಂದನ್ನೇ ತೆಗೆದುಕೋ ಎಂದರೆ ಮಗುವಿನ ಮನಸ್ಸು ಕೈಯಲ್ಲಿ ಕಾಣುತ್ತದೆ. ಹಾಗೆಯೇ ರೋಗಿಯ ಮುಂದೆ ಎರಡು ಕೇಂದ್ರಗಳ ಚಿತ್ರಗಳನ್ನಿಡುತ್ತಾರೆ. ಒಂದು ಐದು ಮೈಲಿ ದೂರದ್ದು, ತಿಂಗಳಿಗೊಮ್ಮೆ ಹೋಗಬೇಕು, ಮಾತು ಒರಟು. ಇನ್ನೊಂದು ಮೂವತ್ತು ಮೈಲಿ, ಮೂರು ತಿಂಗಳಿಗೊಮ್ಮೆ, ಮಾತು ಮೃದು. ಯಾವುದಕ್ಕೆ ಹೋಗುವಿರಿ? ಎರಡಕ್ಕೂ ಹೋಗುವುದಿಲ್ಲ ಎನ್ನುವುದಕ್ಕೂ ಅವಕಾಶವಿರಬೇಕು. ಏಕೆಂದರೆ ನಿಜ ಜೀವನದಲ್ಲಿ ಆ ದಾರಿ ಯಾವಾಗಲೂ ತೆರೆದಿರುತ್ತದೆ.

ಇಲ್ಲಿ ವಿನ್ಯಾಸದ ಕಷ್ಟವುಂಟು. ದೂರ, ಮಾತ್ರೆಯ ಅವಧಿ, ಕಾಯುವ ಹೊತ್ತು, ಸಿಬ್ಬಂದಿಯ ನಡತೆ, ಗುಟ್ಟಿನ ಏರ್ಪಾಟು ಎಂಬ ಐದು ಗುಣಗಳನ್ನು ತೆಗೆದುಕೊಂಡು ಒಂದೊಂದಕ್ಕೂ ಮೂರು ಮೆಟ್ಟಿಲು ಇಟ್ಟರೆ 243 ಬಗೆಯ ಕೇಂದ್ರಗಳಾಗುತ್ತವೆ. ಅವುಗಳನ್ನು ಎರಡೆರಡಾಗಿ ಜೋಡಿಸಿದರೆ 29,403 ಜೋಡಿಗಳು! ಯಾವ ರೋಗಿಯನ್ನೂ ಅಷ್ಟು ಕೇಳಲಾಗದು. ಆದ್ದರಿಂದ ಹತ್ತು ಹನ್ನೆರಡು ಜೋಡಿಗಳನ್ನು ಲೆಕ್ಕಾಚಾರದಿಂದ ಆರಿಸಬೇಕು. ಯಾವ ಐದು ಗುಣಗಳೆಂಬುದನ್ನು ಕಚೇರಿಯಲ್ಲಿ ಕುಳಿತು ನಿರ್ಧರಿಸಬಾರದು. ಮೊದಲು ಪ್ರಶ್ನೆಪತ್ರವಿಲ್ಲದೆ ಕೆಲವರೊಡನೆ ಕುಳಿತು, ಅವರ ಮಾತನ್ನು ಕೇಳಿ ಅಲ್ಲಿಂದ ಆರಿಸಬೇಕು. ಹೀಗೆ ಮಾಡದಿದ್ದರೆ ಮತ್ತೆ ಮಣಿಸರದ ಕಥೆಯೇ: ಕೊಡುವವನಿಗೆ ಒಪ್ಪಿಗೆಯಾದದ್ದನ್ನೇ ತೆಗೆದುಕೊಳ್ಳುವವನ ಮುಂದಿಟ್ಟು ಇಷ್ಟವೇ ಎಂದು ಕೇಳಿದಂತಾಗುತ್ತದೆ.

ಆಫ್ರಿಕ ಖಂಡದ ಜಾಂಬಿಯಾ ದೇಶದಲ್ಲಿ ಇಂಥ ಪ್ರಯೋಗವೊಂದು ನಡೆದು 2018ರಲ್ಲಿ ಪ್ರಕಟವಾಯಿತು. ಅವರು ಕೇಳಿದ್ದು ಕೇಂದ್ರಕ್ಕೆ ಬರುತ್ತಿದ್ದವರನ್ನಲ್ಲ, ಬರುವುದನ್ನು ಬಿಟ್ಟವರನ್ನು ಹುಡುಕಿಕೊಂಡು ಹೋಗಿ ಕೇಳಿದರು. ಒರಟು ಮಾತಿನವರ ಬದಲು ಸೌಜನ್ಯದಿಂದ ಮಾತಾಡುವವರು ಸಿಗುವುದಾದರೆ ಇನ್ನೂ 45 ಕಿಲೋಮೀಟರು ಹೆಚ್ಚು ದೂರ ಹೋಗಲು ಸಿದ್ಧ ಎಂಬುದು ಆ ಆಯ್ಕೆಗಳಿಂದ ಹೊರಟ ಲೆಕ್ಕ. ರಾಮನಗರದಿಂದ ಬೆಂಗಳೂರಿಗೆ ಇರುವ ದೂರವೇ ಹೆಚ್ಚು ಕಡಮೆ ಅಷ್ಟು. ಒಳ್ಳೆಯ ಮಾತಿನ ಬೆಲೆಯನ್ನು ನಮ್ಮ ಹಿರಿಯರು ಮುತ್ತಿಗೆ ಹೋಲಿಸಿದರು. ಅದನ್ನು ಮೈಲಿಗಲ್ಲಿನಲ್ಲಿ ಅಳೆದುಕೊಟ್ಟದ್ದು ಈ ಪ್ರಯೋಗ.

ಹಾಗಾದರೆ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಪ್ರಶ್ನಾವಳಿಯನ್ನು ಸಿದ್ಧಪಡಿಸುವವರು ಏನನ್ನು ಗಮನಿಸಬೇಕು? ಭಾಷೆಯ ಉಪಾಧ್ಯಾಯನಾಗಿ ಮೊದಲು ಮಾತಿನ ವಿಚಾರ ಹೇಳುತ್ತೇನೆ. ನಿಮಗೆ ಇಲ್ಲಿ ತೊಂದರೆಯೇನೂ ಇಲ್ಲ ತಾನೆ ಎಂದು ಕೇಳಿದರೆ, ಆ ತಾನೆ ಎಂಬ ಎರಡಕ್ಷರ ಉತ್ತರವನ್ನು ಮೊದಲೇ ಹೇಳಿಬಿಟ್ಟಿರುತ್ತದೆ. ಅಲ್ಲವೇ ಎಂಬುದೂ ಅದೇ ಜಾತಿ. ಆದ್ಯತೆ, ಸೇವಾ ಗುಣಮಟ್ಟ, ಸಂತೃಪ್ತಿ ಎಂಬ ಮಾತುಗಳು ಕಚೇರಿಯ ಕಡತದಲ್ಲಿ ಚೆನ್ನ; ಕನಕಪುರದ ರೇಷ್ಮೆ ಬೆಳೆಗಾರನಿಗೆ ಯಾವುದು ಅನುಕೂಲ, ಯಾವುದು ಕಷ್ಟ ಎಂದರೆ ಸಾಕು. ಹುಳು ನಾಲ್ಕನೆಯ ಜ್ವರ ಎದ್ದ ಮೇಲೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕಾದವನಿಗೆ ಇಂಥ ತಾರೀಖು ಬಾ ಎಂದರೆ ಬರಲಾಗದು. ಇದು ಬೆಂಗಳೂರಿನಲ್ಲಿ ಬರೆದ ಪ್ರಶ್ನಾವಳಿಗೆ ಹೊಳೆಯುವ ಸಂಗತಿಯಲ್ಲ.

ಎರಡನೆಯದು ಗುಟ್ಟು. ಬರದೆ ಹೋದವರನ್ನು ಹುಡುಕುವುದು ಅವಶ್ಯಕ. ಆದರೆ ಬೋರ್ಡು ಹೊತ್ತ ಜೀಪು ಮನೆಯ ಮುಂದೆ ನಿಂತರೆ ಅವನ ರೋಗ ಊರಿಗೆಲ್ಲ ತಿಳಿಯುತ್ತದೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ಸೋಂಕಿತನ ಒಪ್ಪಿಗೆಯಿಲ್ಲದೆ ಅವನ ಸ್ಥಿತಿಯನ್ನು ಹೊರಗೆಡಹುವುದನ್ನು ನಿಷೇಧಿಸುತ್ತದೆ. ಕೇಳುವ ಜಾಗ, ಕೇಳುವ ವೇಳೆ, ಕೇಳುವ ಜನ, ಇವನ್ನು ರೋಗಿಯೇ ಆರಿಸಿಕೊಳ್ಳುವಂತಿರಬೇಕು. ಮಾತ್ರೆ ಕೊಡುವವರು ಕೇಳಬಾರದು. ಅದೇ ದಾರಿಯಲ್ಲಿ ನಡೆದುಬಂದ ಇನ್ನೊಬ್ಬ ರೋಗಿ, ತರಬೇತು ಪಡೆದು ಕೇಳಿದರೆ ಒಳ್ಳೆಯದು. ಉತ್ತರ ಹೇಳಿದರೂ ಹೇಳದಿದ್ದರೂ ಮಾತ್ರೆ ನಿಲ್ಲುವುದಿಲ್ಲವೆಂದು ಮೊದಲೇ ಸ್ಪಷ್ಟಪಡಿಸಬೇಕು.

ಮೂರನೆಯದು ಪರೀಕ್ಷೆ. ಚಿತ್ರ ನೋಡಿ ಆರಿಸುವುದೂ ಕೊನೆಗೆ ಮಾತೇ ಹೊರತು ನಡತೆಯಲ್ಲ. ಮೃದು ಮಾತಿನ ದೂರದ ಕೇಂದ್ರವನ್ನು ಆರಿಸಿದವನು ನಿಜವಾಗಿ ಅಲ್ಲಿಗೆ ಹೋಗುವನೇ? ಒಂದು ಕಡೆ ಹಾಗೆ ಏರ್ಪಾಟು ಮಾಡಿ, ಒಂದು ವರ್ಷದ ಹಾಜರಿಯನ್ನು ನೋಡಿ, ಆಮೇಲೆ ನಾಲ್ಕು ಕಡೆಗೆ ಹರಡಬೇಕು. ರಾಮನಗರದ ಪ್ರಯೋಗದಿಂದ ನಮಗೆ ಸಿಕ್ಕಿದ ದೊಡ್ಡ ಲಾಭವೂ ಇದೇ. ಹೇಳಿದವರೆಷ್ಟು, ನಡೆದವರೆಷ್ಟು ಎಂಬ ಎರಡು ಲೆಕ್ಕಗಳನ್ನೂ ಅವರು ಬರೆದಿಟ್ಟದ್ದರಿಂದಲೇ ನಾವಿಂದು ಕಲಿಯುತ್ತಿದ್ದೇವೆ. ಸೋತ ಪ್ರಯೋಗವನ್ನು ಮುಚ್ಚಿಡದೆ ವರದಿ ಮಾಡಿದವರಿಗೆ ನಾವು ಋಣಿಗಳು.

ಕೊನೆಯದಾಗಿ, ಕೇಳಿದ ಮೇಲೆ ಹೇಳಬೇಕು. 1952ರಲ್ಲಿ ಪೆಟ್ಟಿಗೆಗೆ ಚೀಟಿ ಹಾಕಿದವರಿಗೆ ಎಣಿಕೆಯಾದ ದಿನ ಫಲ ತಿಳಿಯಿತು. ತಮ್ಮ ಚೀಟಿಗೆ ಬೆಲೆಯುಂಟೆಂದು ಗೊತ್ತಾದದ್ದರಿಂದ ಅವರು 1957ರಲ್ಲಿ ಮತ್ತೆ ಮತಗಟ್ಟೆಗೆ ಬಂದರು. ರೋಗಿಗಳಿಂದ ಉತ್ತರಗಳನ್ನು ಪಡೆದವರೂ ಹಾಗೆಯೇ ಮರಳಿ ಹೋಗಿ, ನೀವು ಹೀಗೆ ಹೇಳಿದಿರಿ, ಆದ್ದರಿಂದ ಬೆಳಗಿನ ವೇಳೆಯನ್ನು ಒಂದು ಗಂಟೆ ಮುಂಚೆ ಮಾಡಿದ್ದೇವೆ. ಇದನ್ನು ಮಾತ್ರ ಮಾಡಲಾಗಲಿಲ್ಲ, ಕಾರಣ ಇಂಥದು ಎಂದು ತಿಳಿಸಬೇಕು. ಹಾಗೆ ತಿಳಿಸಿದರೆ ಎರಡನೆಯ ಸಲ ಕೇಳಿದಾಗ ಅವರು ದಾಕ್ಷಿಣ್ಯವನ್ನು ಬದಿಗಿಟ್ಟು ಮಾತಾಡುತ್ತಾರೆ.